ಉಯಿಲಿನ ಚರಿತ್ರೆ: ಯಾರಿಗೆ ಬೇಕು, ಏಕೆ ಬೇಕು?



ನನ್ನ ಬಳಿ ಓದಿದ ಮೊದಮೊದಲ ತಂಡದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಕೆಲವರು ಮನೆ ಕಟ್ಟಿಸಿದ್ದಾರೆ, ಕೆಲವರು ಊರಿನ ಜಮೀನನ್ನು ಅಣ್ಣತಮ್ಮಂದಿರ ವಶಕ್ಕೆ ಬಿಟ್ಟು ಹೊರದೇಶಗಳಲ್ಲಿ ನೆಲೆಸಿದ್ದಾರೆ. ಇವರಲ್ಲಿ ಹಲವರು ಇತ್ತೀಚೆಗೆ ಕೇಳುವ ಪ್ರಶ್ನೆಯೊಂದಿದೆ: “ಸರ್, ಉಯಿಲು ಬರೆದಿಡುವುದು ಅಗತ್ಯವೇ? ಮಕ್ಕಳಿದ್ದಾರಲ್ಲ, ಹೇಗೂ ಅವರಿಗೇ ಸೇರುತ್ತದಲ್ಲ?” ನಾನು ವಕೀಲನಲ್ಲ, ಚರಿತ್ರೆಯ ಮೇಷ್ಟ್ರು. ಆದರೆ ಪ್ರತಿಯೊಂದು ಕಾನೂನಿಗೂ ಒಂದು ಚರಿತ್ರೆಯಿರುತ್ತದೆ. ಉಯಿಲು ನಮ್ಮ ನಾಡಿಗೆ ಹೇಗೆ ಬಂತು, ಬರುವ ಮೊದಲು ಏನಿತ್ತು ಎಂಬುದನ್ನು ತಿಳಿದರೆ, ನಮಗೆ ಅದು ಬೇಕೇ ಬೇಡವೇ ಎಂಬುದಕ್ಕೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಮೊದಲು ಪದವನ್ನೇ ನೋಡೋಣ. ಉಯಿಲು ಎಂಬುದು ಅಚ್ಚಗನ್ನಡದ ಮಾತಿನಂತೆ ಕೇಳಿಸಿದರೂ ಅದು ಇಂಗ್ಲಿಷಿನ ‘ವಿಲ್’ ಎಂಬುದರ ಕನ್ನಡ ರೂಪ. ಕೋರ್ಟು, ಕಚೇರಿಗಳ ಮೂಲಕ ಬಂದು ನಮ್ಮ ನಾಲಗೆಗೆ ಒಗ್ಗಿಕೊಂಡ ಪದ. ಮರಣಶಾಸನ ಎಂಬ ಸಂಸ್ಕೃತಪದವನ್ನು ಪತ್ರ ಬರೆಯುವವರು ಬಳಸುತ್ತಾರೆ. ಮುಂಬಯಿ ಕರ್ನಾಟಕದ ಕಡೆ ಮೃತ್ಯುಪತ್ರ ಎನ್ನುವುದುಂಟು. ಮರಾಠಿಯಲ್ಲಿಯೂ ಇದೇ ಮಾತಿದೆ. ಇಷ್ಟು ಹೆಸರುಗಳಿದ್ದರೂ ನಮ್ಮ ಧರ್ಮಶಾಸ್ತ್ರಗಳಲ್ಲಿ ಇದಕ್ಕೆ ಸರಿಸಮನಾದ ಪದವಿಲ್ಲ. ಪದವಿಲ್ಲದಿರಲು ಕಾರಣ, ಆ ಪದ್ಧತಿಯೇ ಇರಲಿಲ್ಲ.

ದಾನ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ಹೇರಳವಾಗಿಯೇ ಇತ್ತು. ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ದಾನಶಾಸನಗಳನ್ನು ನೀವು ಕಂಡಿದ್ದೀರಿ. ಧಾರೆಯೆರೆದು, ಎಲ್ಲೆ ಗುರುತಿಸಿ, ಸಾಕ್ಷಿಗಳ ಸಮ್ಮುಖದಲ್ಲಿ ಕೊಟ್ಟ ಭೂಮಿ ಅಂದಿನಿಂದಲೇ ಪಡೆದವನದಾಗುತ್ತಿತ್ತು. ದಾನಿ ಬದುಕಿರುವಾಗಲೇ ಅವನ ಹಕ್ಕು ತೀರಿಹೋಗುತ್ತಿತ್ತು. ಉಯಿಲು ಇದಕ್ಕೆ ವಿರುದ್ಧವಾದುದು. ಬರೆದವನು ಬದುಕಿರುವವರೆಗೆ ಅದು ಬರಿಯ ಕಾಗದ. ಆಸ್ತಿಯನ್ನು ಅವನು ಮಾರಬಹುದು, ಬೇರೆ ಉಯಿಲು ಬರೆಯಬಹುದು, ಹರಿದೆಸೆಯಲೂಬಹುದು. ಅವನ ಉಸಿರು ನಿಂತ ಗಳಿಗೆಯಲ್ಲಿ ಅದಕ್ಕೆ ಜೀವ ಬರುತ್ತದೆ. ಸತ್ತವನ ಇಚ್ಛೆ ಬದುಕಿರುವವರನ್ನು ಕಟ್ಟಿಹಾಕುತ್ತದೆ ಎಂಬ ಈ ಕಲ್ಪನೆ ನಮ್ಮ ಹಿರಿಯರಿಗೆ ವಿಚಿತ್ರವಾಗಿ ತೋರುತ್ತಿತ್ತೆಂದರೆ ಆಶ್ಚರ್ಯವಿಲ್ಲ.

ಏಕೆಂದರೆ ಅವರ ಲೆಕ್ಕದಲ್ಲಿ ಆಸ್ತಿ ಒಬ್ಬನದಲ್ಲ, ಮನೆತನದ್ದು. ಈ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟವನು ನಮ್ಮ ನೆಲದಲ್ಲೇ ಬಾಳಿದವನು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬), ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳ ಮತ್ತು ಅದರ ನೆರೆಯ ಅಸ್ಸಾಮನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಹಕ್ಕನ್ನು ಶತಮಾನಗಳ ಕಾಲ ನಿರ್ಣಯಿಸಿದ್ದು ಈ ಗ್ರಂಥ. ಅದರ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಒಡೆಯನಲ್ಲ, ಮನೆಯ ಯಜಮಾನ ಮಾತ್ರ. ಅವನು ತೀರಿಕೊಂಡಾಗ ಅವನ ಪಾಲು ಉಳಿದ ಪಾಲುದಾರರಲ್ಲಿ ಲೀನವಾಗುತ್ತದೆ. ಹೀಗಿರುವಾಗ “ನನ್ನ ನಂತರ ಇದು ಇಂಥವನಿಗೆ” ಎಂದು ಬರೆಯಲು ಅವನ ಕೈಯಲ್ಲಿ ಉಳಿದಿರುವುದಾದರೂ ಏನು?

ಬಂಗಾಳದಲ್ಲಿ ಮಾತ್ರ ಬೇರೆ ನ್ಯಾಯ. ಅಲ್ಲಿ ಜೀಮೂತವಾಹನನ ‘ದಾಯಭಾಗ’ ಆಧಾರಗ್ರಂಥ. ಅದರಂತೆ ತಂದೆ ಬದುಕಿರುವವರೆಗೆ ಮಕ್ಕಳಿಗೆ ಹಕ್ಕಿಲ್ಲ. ಅವನು ಪೂರ್ಣ ಒಡೆಯ. ಆದ್ದರಿಂದ ಇಂಗ್ಲಿಷರ ಉಯಿಲು ಬಂದಿಳಿದಾಗ ಅದಕ್ಕೆ ನೆಲ ಹದವಾಗಿ ಸಿಕ್ಕಿದ್ದು ಕಲ್ಕತ್ತೆಯಲ್ಲಿ. ಪ್ಲಾಸಿ ಕದನದ ಪಾಠದಲ್ಲಿ ಬರುವ ಓಮಿಚಂದ್ ಎಂಬ ವರ್ತಕನು ನಿಮಗೆ ನೆನಪಿರಬಹುದು. ಕ್ಲೈವನ ಕಪಟ ಕರಾರಿಗೆ ಬಲಿಯಾದವನು. ಹಿಂದೂ ನ್ಯಾಯಗ್ರಂಥಗಳು ಬಹಳ ಹಳೆಯ ಉಯಿಲುಗಳಲ್ಲಿ ಒಂದೆಂದು ಹೆಸರಿಸುವುದು ಅವನು ೧೭೫೮ರಲ್ಲಿ ಬರೆದುದನ್ನು. ಕದನ ನಡೆದದ್ದು ೧೭೫೭ರಲ್ಲಿ. ಕಂಪನಿಯ ಆಳ್ವಿಕೆಯ ಬೇರು ಮತ್ತು ಉಯಿಲಿನ ಬೇರು ಹೆಚ್ಚುಕಡಿಮೆ ಒಟ್ಟಿಗೇ ನೆಲಕ್ಕಿಳಿದವು.

ನಂತರದ ನೂರು ವರ್ಷಗಳಲ್ಲಿ ಕಲ್ಕತ್ತೆಯ ಸಿರಿವಂತರು ಉಯಿಲನ್ನು ಧಾರಾಳವಾಗಿ ಬಳಸಿದರು. ಅದಕ್ಕೆ ಮಿತಿಯೆಲ್ಲಿ ಎಂಬ ಪ್ರಶ್ನೆ ಇತ್ಯರ್ಥವಾದದ್ದು ಠಾಕೂರ್ ಮನೆತನದ ವ್ಯಾಜ್ಯದಲ್ಲಿ. ಕವಿ ರವೀಂದ್ರರ ಮನೆತನದ ಇನ್ನೊಂದು ಕವಲಿನ ಪ್ರಸನ್ನಕುಮಾರ ಠಾಕೂರ್ ದೊಡ್ಡ ಜಮೀನುದಾರರು, ಸ್ವತಃ ಕಾನೂನು ಬಲ್ಲವರು. ಅವರ ಒಬ್ಬನೇ ಮಗ ಜ್ಞಾನೇಂದ್ರಮೋಹನ ೧೮೫೧ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದನು. ತಂದೆ ೧೮೬೨ರಲ್ಲಿ ಉಯಿಲು ಬರೆದು ಮಗನನ್ನು ಹೊರಗಿಟ್ಟರು. ಆಸ್ತಿಯ ಆದಾಯ ಸೋದರನ ಮಗ ಜತೀಂದ್ರಮೋಹನನಿಗೆ ಅವನ ಜೀವಿತಕಾಲಕ್ಕೆ, ಅನಂತರ ತಲೆತಲಾಂತರವಾಗಿ ಗಂಡುಸಂತತಿಗೆ ಎಂದು ಇಂಗ್ಲೆಂಡಿನ ಜಮೀನುದಾರರ ಮಾದರಿಯಲ್ಲಿ ಏರ್ಪಾಡು ಮಾಡಿದರು. ೧೮೬೮ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನ್ಯಾಯಾಲಯಕ್ಕೆ ಹೋದನು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಏರಿ ೧೮೭೨ರಲ್ಲಿ ತೀರ್ಪಾಯಿತು.

ಆ ತೀರ್ಪಿನಲ್ಲಿ ಇಂದಿಗೂ ನಾವು ಕಲಿಯಬೇಕಾದ ಎರಡು ಸಂಗತಿಗಳಿವೆ. ಉಯಿಲೂ ಒಂದು ಬಗೆಯ ದಾನವೇ. ಉಯಿಲು ಬರೆದವನು ಸಾಯುವ ಹೊತ್ತಿಗೆ ಇಲ್ಲದ, ಇನ್ನೂ ಹುಟ್ಟದ ವ್ಯಕ್ತಿಗೆ ದಾನ ಸಲ್ಲದು ಎಂಬುದು ಮೊದಲನೆಯದು. ಈ ಕಟ್ಟುನಿಟ್ಟನ್ನು ಮುಂದಿನ ಶಾಸನಗಳು ಷರತ್ತುಗಳೊಡನೆ ಸಡಿಲಿಸಿದವು. ಎರಡನೆಯದು ಇನ್ನೂ ಮುಖ್ಯವಾದುದು. “ಮಗನಿಗೆ ಕೊಡುವುದಿಲ್ಲ” ಎಂದು ಬರೆದರೆ ಸಾಲದು; ಆಸ್ತಿಯನ್ನು ಬೇರೊಬ್ಬರಿಗೆ ಸರಿಯಾಗಿ ಕೊಟ್ಟಿರಬೇಕು. ಕೊಡದೆ ಉಳಿದ ಭಾಗ ಸಹಜ ವಾರಸುದಾರನಿಗೇ ಹಿಂದಿರುಗುತ್ತದೆ. ಹೀಗಾಗಿ ಜತೀಂದ್ರಮೋಹನನಿಗೆ ದೊರೆತದ್ದು ಜೀವಿತಕಾಲದ ಅನುಭೋಗ ಮಾತ್ರ. ಅನಂತರದ ಹಕ್ಕು ಹೊರಗಿಡಲ್ಪಟ್ಟ ಮಗನದೆಂದು ಕೌನ್ಸಿಲ್ ಹೇಳಿತು. ಕೋಪದಿಂದ ಬರೆದ ಉಯಿಲು ಬರೆದವರ ಉದ್ದೇಶವನ್ನೇ ಕೆಡಿಸಿತು. ಅದೇ ಉಯಿಲಿನ ಇನ್ನೊಂದು ಭಾಗ ಮಾತ್ರ ಚೆನ್ನಾಗಿ ಬಾಳಿತು. ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಉಪನ್ಯಾಸಗಳಿಗೆಂದು ಪ್ರಸನ್ನಕುಮಾರರು ಬಿಟ್ಟ ಹಣದಿಂದ ‘ಟಾಗೋರ್ ಲಾ ಲೆಕ್ಚರ್ಸ್’ ಎಂಬ ಹೆಸರಾಂತ ಮಾಲಿಕೆ ಹುಟ್ಟಿಕೊಂಡಿತು.

ಈ ನಡುವೆ ೧೮೭೦ರಲ್ಲಿ ಹಿಂದೂ ಉಯಿಲುಗಳ ಕಾಯಿದೆ ಬಂದು, ಬಂಗಾಳ ಪ್ರಾಂತ್ಯದಲ್ಲಿಯೂ ಮದ್ರಾಸು, ಮುಂಬಯಿ ನಗರಗಳಲ್ಲಿಯೂ ಉಯಿಲಿಗೆ ಬರಹ, ಸಹಿ, ಇಬ್ಬರು ಸಾಕ್ಷಿಗಳು ಕಡ್ಡಾಯವಾದವು. ಉಳಿದೆಡೆ ಹಿಂದೂವೊಬ್ಬನು ಬಾಯಿಮಾತಿನಲ್ಲಿ ಹೇಳಿದ ಉಯಿಲೂ ಬಹುಕಾಲ ನಡೆಯುತ್ತಿತ್ತು. ಬ್ರಿಟಿಷ್ ಇಂಡಿಯಾದ ಹಿಂದೂಗಳೆಲ್ಲರಿಗೂ ಬರಹ ಕಡ್ಡಾಯವಾದದ್ದು ೧೯೨೭ರ ಜನವರಿ ೧ರಿಂದ, ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಅಡಿಯಲ್ಲಿ. ಇಂದಿಗೂ ನಾವು ಉಯಿಲು ಬರೆಯುವುದು ಈ ಕಾಯಿದೆಯಂತೆಯೇ.

ಆದರೆ ವಿಜ್ಞಾನೇಶ್ವರನ ಸೀಮೆಯಲ್ಲಿ ಉಯಿಲಿಗೆ ಇನ್ನೂ ಗೋಡೆ ಅಡ್ಡವಿತ್ತು. ಅವಿಭಕ್ತ ಕುಟುಂಬದ ಸದಸ್ಯನು ತನ್ನ ಪಾಲನ್ನು ಉಯಿಲಿನ ಮೂಲಕ ಕೊಡಬಹುದೇ ಎಂಬ ಪ್ರಶ್ನೆಗೆ ಮದ್ರಾಸ್ ಹೈಕೋರ್ಟು ೧೮೭೪ರಲ್ಲಿ ಬಹು ಸೊಗಸಾದ ತರ್ಕವನ್ನು ಮುಂದಿಟ್ಟಿತು. ಅವನು ಸತ್ತ ಕ್ಷಣದಲ್ಲಿ ಎರಡು ಹಕ್ಕುಗಳು ಎದುರುಬದುರಾಗುತ್ತವೆ: ಉಳಿದ ಪಾಲುದಾರರ ಹಕ್ಕು, ಉಯಿಲಿನಿಂದ ಪಡೆಯುವವನ ಹಕ್ಕು. ಮೊದಲಿನಿಂದ ಇದ್ದ ಹಕ್ಕೇ ಗೆಲ್ಲುತ್ತದೆ. ಉಯಿಲು ಬಾಗಿಲಿಗೆ ಬರುವ ಹೊತ್ತಿಗೆ ಮನೆಯಲ್ಲಿ ಆಸ್ತಿ ಉಳಿದಿರುವುದಿಲ್ಲ. ಈ ಗೋಡೆ ಬಿದ್ದದ್ದು ಸ್ವತಂತ್ರ ಭಾರತದಲ್ಲಿ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೩೦ನೆಯ ಕಲಮಿನಿಂದ. ಅವಿಭಕ್ತ ಆಸ್ತಿಯಲ್ಲಿರುವ ತನ್ನ ಪಾಲನ್ನು ಉಯಿಲಿನ ಮೂಲಕ ಕೊಡುವ ಅಧಿಕಾರ ಅಂದು ದೊರೆಯಿತು. ತುಳುನಾಡಿನ ಅಳಿಯಸಂತಾನ ಕಟ್ಟಿನ ಕುಟುಂಬಗಳವರಿಗೂ ಇದೇ ಅಧಿಕಾರವನ್ನು ಕೊಡಲಾಯಿತು.

ಇಲ್ಲಿಂದ ಮುಂದಿನ ಕಥೆ ಹೆಣ್ಣುಮಕ್ಕಳದು. ಮೈಸೂರು ಸಂಸ್ಥಾನವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೩೩ರಲ್ಲಿಯೇ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಬ್ರಿಟಿಷ್ ಇಂಡಿಯಾ ಇಂಥ ಹೆಜ್ಜೆಯಿಟ್ಟದ್ದು ೧೯೩೭ರಲ್ಲಿ. ೧೯೫೬ರ ಕಾಯಿದೆ ಮಗಳನ್ನು ಮಗನ ಜೊತೆಗೆ ಮೊದಲ ದರ್ಜೆಯ ವಾರಸುದಾರಳನ್ನಾಗಿ ಮಾಡಿತು. ಆದರೆ ಅದೇ ಕಾಯಿದೆ ತಂದೆಗೆ ಉಯಿಲಿನ ಸ್ವಾತಂತ್ರ್ಯವನ್ನೂ ಕೊಟ್ಟಿದ್ದರಿಂದ, ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡಂತಾಯಿತು. “ಮಗಳಿಗೆ ಮದುವೆಯಲ್ಲಿ ಕೊಟ್ಟಾಗಿದೆ” ಎಂಬ ಒಂದು ಸಾಲಿನಿಂದ ಮಗಳ ಪಾಲನ್ನು ಅಳಿಸಿದ ಉಯಿಲುಗಳನ್ನು ನಮ್ಮ ಹಳ್ಳಿಗಳಲ್ಲಿ ಹುಡುಕಬೇಕಾಗಿಲ್ಲ. ಆಮೇಲೆ ಕರ್ನಾಟಕ ೧೯೯೪ರಲ್ಲಿ ತಿದ್ದುಪಡಿ ತಂದು ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ೨೦೨೦ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ವಿಜ್ಞಾನೇಶ್ವರನ ಜನ್ಮಹಕ್ಕು ಒಂಬತ್ತು ಶತಮಾನಗಳ ನಂತರ ಹೆಣ್ಣುಮಗುವಿಗೂ ತಲುಪಿತು.

ಆದ್ದರಿಂದ ಇಂದು ತಂದೆಯಾದವನು ಪಿತ್ರಾರ್ಜಿತ ಜಮೀನನ್ನೆಲ್ಲ “ಇಬ್ಬರು ಗಂಡುಮಕ್ಕಳಿಗೆ” ಎಂದು ಉಯಿಲು ಬರೆದರೆ, ಅದು ಅವನ ಸ್ವಂತ ಪಾಲಿನ ಮಟ್ಟಿಗೆ ಮಾತ್ರ ನಡೆಯುತ್ತದೆ. ಮಗಳ ಪಾಲು ಅವನದಲ್ಲ; ತನ್ನದಲ್ಲದ್ದನ್ನು ಯಾರೂ ಕೊಡಲಾರರು. ಸ್ವಯಾರ್ಜಿತ ಆಸ್ತಿಯ ವಿಷಯದಲ್ಲಿ ಅವನು ಸ್ವತಂತ್ರ. ಮುಸಲ್ಮಾನ ಬಾಂಧವರಲ್ಲಿ ನಿಯಮ ಬೇರೆ. ವಸೀಯತ್ತಿನ ಮೂಲಕ ಕೊಡಬಹುದಾದದ್ದು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದುದರ ಮೂರನೆಯ ಒಂದು ಭಾಗ. ಅದಕ್ಕಿಂತ ಹೆಚ್ಚಿಗೆ ಉಳಿದ ವಾರಸುದಾರರ ಒಪ್ಪಿಗೆ ಬೇಕು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉಯಿಲಿಲ್ಲದೆ ತೀರಿಕೊಂಡವರಿಗೆ ಕಾನೂನೇ ಒಂದು ಉಯಿಲು ಬರೆದಿಟ್ಟಿದೆ ಎಂದು ತಿಳಿಯಿರಿ. ಹಿಂದೂ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ ಅವನ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲಾಗಿ ಹೋಗುತ್ತದೆ. ಮಕ್ಕಳಲ್ಲಿ ಯಾರಾದರೂ ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಅವರ ಕುಟುಂಬಕ್ಕೆ ಸೇರುತ್ತದೆ. ತಾಯಿಗೆ ಪಾಲುಂಟೆಂಬುದು ಹಲವರಿಗೆ ತಿಳಿದಿಲ್ಲ. ಈ ಮೊದಲ ಪಟ್ಟಿಯಲ್ಲಿ ತಂದೆಗೆ ಸ್ಥಾನವಿಲ್ಲವೆಂಬುದು ಇನ್ನೂ ಹಲವರಿಗೆ ತಿಳಿದಿಲ್ಲ. ನಿಮ್ಮ ಮನಸ್ಸಿನಲ್ಲಿರುವ ಹಂಚಿಕೆಯೂ ಇದೇ ಆಗಿದ್ದರೆ, ಮನೆಯಲ್ಲಿ ಸಾಮರಸ್ಯವೂ ಇದ್ದರೆ, ಉಯಿಲಿಲ್ಲದಿದ್ದರೂ ಅನ್ಯಾಯವೇನೂ ಆಗದು.

ಕಷ್ಟ ಬರುವುದು ಕಾನೂನಿನ ಪಟ್ಟಿಗೂ ನಮ್ಮ ಬಾಳಿಗೂ ತಾಳೆಯಾಗದಿದ್ದಾಗ. ಇದಕ್ಕೆ ನಾನು ಓದಿದ ಅತ್ಯಂತ ನೋವಿನ ಉದಾಹರಣೆ ೨೦೦೯ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣ. ಒಬ್ಬ ಹೆಣ್ಣುಮಗಳಿಗೆ ೧೯೫೫ರಲ್ಲಿ ಮದುವೆಯಾಯಿತು. ಮೂರು ತಿಂಗಳೊಳಗೆ ಗಂಡ ಹಾವು ಕಚ್ಚಿ ತೀರಿಕೊಂಡನು. ಗಂಡನ ಮನೆಯವರು ಆಕೆಯನ್ನು ಹೊರಹಾಕಿದರು. ತವರಿನವರು ಕರೆತಂದು, ಓದಿಸಿ, ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡಿದರು. ಆಕೆ ಉದ್ಯೋಗ ಮಾಡಿ ಸಂಪಾದಿಸಿ ೧೯೯೬ರಲ್ಲಿ ಉಯಿಲಿಲ್ಲದೆ ತೀರಿಕೊಂಡರು. ಹೆತ್ತ ತಾಯಿ ಇನ್ನೂ ಬದುಕಿದ್ದರು. ಆದರೂ ಆಕೆಯ ಸ್ವಂತ ದುಡಿಮೆಯ ಹಣ ಹೋದದ್ದು ಗಂಡನ ಸಹೋದರಿಯ ಮಕ್ಕಳಿಗೆ. ಏಕೆಂದರೆ ೧೯೫೬ರ ಕಾಯಿದೆಯ ೧೫ನೆಯ ಕಲಮು ಹೇಳುವ ಕ್ರಮ ಹೀಗಿದೆ: ಹಿಂದೂ ಹೆಂಗಸಿನ ಆಸ್ತಿ ಮೊದಲು ಗಂಡ, ಮಕ್ಕಳಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಅವರಾದ ಮೇಲೆ ಹೆತ್ತ ತಾಯಿತಂದೆಗೆ. ತಂದೆತಾಯಿಯಿಂದ ಬಂದ ಆಸ್ತಿಗೆ, ಮಕ್ಕಳಿಲ್ಲದಿದ್ದಾಗ, ಬೇರೆ ದಾರಿಯಿದೆ. ಆದರೆ ಸ್ವಂತ ದುಡಿಮೆಗೆ ಇಲ್ಲ. ಮರುಕದ ಮಾತು ಕಾನೂನನ್ನು ಬದಲಿಸಲಾರದೆಂದು ನ್ಯಾಯಾಲಯ ಹೇಳಿತು. ಆಕೆ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಇಬ್ಬರ ಸಾಕ್ಷಿ ಹಾಕಿಸಿದ್ದರೆ ತಾಯಿಯ ಮುಪ್ಪಿಗೆ ಆ ಹಣ ಆಸರೆಯಾಗುತ್ತಿತ್ತು. ೨೦೨೫ರ ನವೆಂಬರಿನಲ್ಲಿ ಇದೇ ಕಲಮಿನ ಕುರಿತ ಅರ್ಜಿಯೊಂದು ಬಂದಾಗ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು ಹೆಣ್ಣುಮಕ್ಕಳು, ಅದರಲ್ಲೂ ಹಿಂದೂ ಸ್ತ್ರೀಯರು, ತಡಮಾಡದೆ ಉಯಿಲು ಮಾಡಿಡಬೇಕೆಂದು ಮನವಿ ಮಾಡಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಉಯಿಲು ಸಿರಿವಂತರ ಕಾಗದವಲ್ಲ, ಯಾರ ಪ್ರೀತಿ ಕಾನೂನಿನ ಪಟ್ಟಿಯನ್ನು ಮೀರಿದೆಯೋ ಅವರ ಕಾಗದ. ಮಕ್ಕಳಿಲ್ಲದ ದಂಪತಿಗಳಿಗೆ ಅದು ಬೇಕು. ಮದುವೆಯಾಗದೆ ತಮ್ಮಂದಿರನ್ನು ಓದಿಸಿದ ಅಕ್ಕಂದಿರಿಗೆ ಬೇಕು. ದತ್ತಕದ ಶಾಸ್ತ್ರವಿಲ್ಲದೆ ಸಾಕಿಕೊಂಡ ಮಗುವಿರುವವರಿಗೆ ಬೇಕು. ಎಷ್ಟು ಅಕ್ಕರೆಯಿಂದ ಸಾಕಿದ್ದರೂ ಆ ಮಗುವಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಬುದ್ಧಿಮಾಂದ್ಯ ಅಥವಾ ಅಂಗವಿಕಲ ಮಗುವಿದ್ದು, ತಮ್ಮ ನಂತರ ಅದನ್ನು ಯಾರು ನೋಡಿಕೊಳ್ಳಬೇಕು, ಯಾವ ಹಣದಿಂದ ಎಂಬ ಚಿಂತೆಯಿರುವವರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕು. ಎರಡನೆಯ ಮದುವೆಯಾದವರಿಗೂ, ಹೊರದೇಶದಲ್ಲಿದ್ದು ಇಲ್ಲಿ ಮನೆ, ಜಮೀನು ಉಳಿಸಿಕೊಂಡವರಿಗೂ ಬೇಕು. ಇಲ್ಲಿನ ಸ್ಥಿರಾಸ್ತಿಗೆ ಇಲ್ಲಿನ ಕಾನೂನೇ ಅನ್ವಯಿಸುತ್ತದೆ ಎಂಬುದನ್ನು ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ಮರೆಯಬಾರದು.

“ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇವಲ್ಲ” ಎಂದು ಹೇಳುವವರಿದ್ದಾರೆ. ನಾಮಿನಿ ಹಣವನ್ನು ಕೈಗೆ ಪಡೆಯುವವನೇ ಹೊರತು ಸಾಮಾನ್ಯವಾಗಿ ಅದರ ಒಡೆಯನಲ್ಲ. ವಿಮೆಯ ವಿಷಯದಲ್ಲಿ ೧೯೮೩ರಲ್ಲಿಯೂ, ಷೇರುಗಳ ವಿಷಯದಲ್ಲಿ ೨೦೨೩ರಲ್ಲಿಯೂ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಜೀವವಿಮೆಗೆ ಮಾತ್ರ ೨೦೧೫ರ ತಿದ್ದುಪಡಿಯಿಂದ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಆ ಹಣ ಅವರದೇ ಆಗುತ್ತದೆ.

ಬರೆಯುವ ವಿಧಾನ ಜನ ತಿಳಿದಿರುವಷ್ಟು ಕಷ್ಟದ್ದಲ್ಲ. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೂ ಬರೆಯಬಹುದು. ಛಾಪಾಕಾಗದ ಬೇಕಾಗಿಲ್ಲ, ಬಿಳಿಯ ಹಾಳೆ ಸಾಕು. ಯಾವ ಆಸ್ತಿ, ಅದರ ಸರ್ವೆ ನಂಬರು ಅಥವಾ ಖಾತೆ, ಯಾರಿಗೆ ಎಷ್ಟು ಎಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ಬರೆಯಬೇಕು. ಉಳಿದುದೆಲ್ಲ ಯಾರಿಗೆ ಎಂಬ ಒಂದು ಸಾಲು ಕೊನೆಯಲ್ಲಿರಲಿ. ಠಾಕೂರ್ ವ್ಯಾಜ್ಯದ ಪಾಠ ಅದೇ. ಹಿಂದಿನ ಉಯಿಲೇನಾದರೂ ಇದ್ದರೆ ಅದು ರದ್ದಾಯಿತೆಂದು ಬರೆಯಿರಿ. ನಿಮ್ಮ ಮಾತನ್ನು ನಡೆಸಿಕೊಡುವ ನಂಬಿಕಸ್ಥರೊಬ್ಬರನ್ನು ಹೆಸರಿಸಿರಿ. ದಿನಾಂಕ ಹಾಕಿ, ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಿ, ನಿಮ್ಮೆದುರಿನಲ್ಲೇ ಅವರ ಸಹಿ ಮಾಡಿಸಿರಿ. ನಿಮಗಿಂತ ಚಿಕ್ಕವರು, ಉಯಿಲಿನಿಂದ ಏನೂ ಪಡೆಯದವರು ಸಾಕ್ಷಿಗಳಾಗಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಪೌತಿ ಖಾತೆ ಮಾಡಿಸುವಾಗ ಮಕ್ಕಳ ಅಲೆದಾಟ ಕಡಿಮೆಯಾಗುತ್ತದೆ. ಆಸ್ತಿ ಹೆಚ್ಚಾಗಿದ್ದರೆ ಅಥವಾ ಮನೆಯಲ್ಲಿ ತಕರಾರಿದ್ದರೆ ವಕೀಲರ ಸಲಹೆ ಪಡೆಯಿರಿ.

ಒಂದು ಎಚ್ಚರಿಕೆಯ ಮಾತನ್ನು ಮರೆಯುವಂತಿಲ್ಲ. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೧೯೫೮ರಲ್ಲಿ ಕೊಟ್ಟ ತೀರ್ಪು ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುತ್ತದೆ. ಅಲ್ಲಿ ಒಬ್ಬ ವೃದ್ಧೆಯ ಹೆಸರಿನ ಉಯಿಲನ್ನು ಬರೆಸುವುದರಲ್ಲಿ ಮುಂದಾಗಿ ನಿಂತವರೇ ಅದನ್ನು ಹಿಡಿದು ಬಂದಿದ್ದರು. ಅವರ ಮಕ್ಕಳಿಗೂ ಅದರಲ್ಲಿ ದೊಡ್ಡ ಲಾಭವಿತ್ತು. ಇಂಥ ಸಂದೇಹಗಳು ತಲೆದೋರಿದಾಗ ಸಹಿಯನ್ನು ರುಜುವಾತುಪಡಿಸಿದರೆ ಸಾಲದು, ಸಂದೇಹವನ್ನೇ ನಿವಾರಿಸಬೇಕು ಎಂದು ಹೇಳಿದ ನ್ಯಾಯಾಲಯ ಆ ಉಯಿಲನ್ನು ಒಪ್ಪಲಿಲ್ಲ. ಹಾಸಿಗೆ ಹಿಡಿದ ಹಿರಿಯರ ಕೈಹಿಡಿದು ಸಹಿ ಹಾಕಿಸಲು ಹೊರಡುವವರು ಇದನ್ನು ನೆನಪಿಡಬೇಕು. ಉಯಿಲು ಬರೆಯುವ ಕಾಲ ಕೈಕಾಲು ಗಟ್ಟಿಯಾಗಿರುವಾಗಲೇ.

ಸಾವಿನ ಮಾತು ಅಮಂಗಳವೆಂದು ನಮ್ಮವರು ಇದನ್ನು ಮುಂದೂಡುತ್ತಾರೆ. ಮಕ್ಕಳು ಕೇಳಿದರೆ “ಆಸ್ತಿಗೆ ಕಾದಿದ್ದಾರೆ” ಎಂಬ ಅಪವಾದ; ಹಿರಿಯರೇ ಎತ್ತಿದರೆ “ಈಗೇಕೆ ಆ ಮಾತು” ಎಂಬ ಸಮಾಧಾನ. ಈ ಸಂಕೋಚವನ್ನು ಹಿರಿಯರೇ ಮುರಿಯಬೇಕು. ಹಬ್ಬಕ್ಕೋ ಶ್ರಾದ್ಧಕ್ಕೋ ಎಲ್ಲರೂ ಕೂಡಿದಾಗ, ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಕೂರಿಸಿಕೊಂಡು, ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ, ಕಾಗದಪತ್ರಗಳು ಎಲ್ಲಿವೆ ಎಂಬುದನ್ನು ಮೊದಲು ಹೇಳಿರಿ. ನಿಮ್ಮ ನಂತರ ಯಾರು ನಿರಾಧಾರರಾಗುತ್ತಾರೆ ಎಂದು ಒಮ್ಮೆ ಎಣಿಸಿ ನೋಡಿರಿ. ಅವರ ಹೆಸರು ಕಾನೂನಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಅಥವಾ ಕೊನೆಯಲ್ಲಿದ್ದರೆ, ಈ ತಿಂಗಳೇ ಕುಳಿತು ಬರೆಯಿರಿ.